ಗಾದಿಲಿಂಗನ ನೋವಿನ ಪಾಲುದಾರರು

ಹೆವಿವೇಟ್ ಬಾಕ್ಸರ್ ಗಾದಿಲಿಂಗನ ಮರುಪಂದ್ಯದ ದಿನ ಬಳ್ಳಾರಿಯ ಶೇಕ್ಷಾವಲಿಯ ಚಹದಂಗಡಿ ಮಧ್ಯಾಹ್ನವೇ ತುಂಬಿತ್ತು. ಎಲ್ಲರ ಮುಂಗೈಯಲ್ಲೂ ಪಟ್ಟಿ. ಬಾಕ್ಸರನಿಗೆ ಬೀಳುವ ಪೆಟ್ಟಿನ ನೋವನ್ನು, ಅದು ಆರುವ ತನಕ, ಅಭಿಮಾನಿಗಳು ಪಟ್ಟಿ ಕಟ್ಟಿಕೊಂಡು ಹಂಚಿಕೊಳ್ಳುವುದು ಈಗ ಎಲ್ಲ ಊರಲ್ಲೂ ಇದ್ದದ್ದೇ. ಮೊದಲ ಪಂದ್ಯದಲ್ಲಿ ಲಕ್ಷ ಜನ ಕಟ್ಟಿದ್ದರು. ಯಾರಿಗೂ ಸೊಳ್ಳೆ ಕಚ್ಚಿದಷ್ಟೂ ತಾಗಿರಲಿಲ್ಲ. ಆದರೂ ಗಾದಿಲಿಂಗ ಸೋತಿದ್ದ.

ಈ ಸಲವೂ ನಾಲ್ಕನೇ ಸುತ್ತಿಗೇ ಅವನ ಕಾಲು ತಡವರಿಸಿತು. "ಇಂಥವನ ಸಲುವಾಗಿ ನಾವ್ಯಾಕೆ ಏಟು ತಿನ್ನಬೇಕು?" ಎಂದು ಗ್ಯಾರೇಜಿನ ಪಂಪಣ್ಣ ಪಟ್ಟಿ ಬಿಚ್ಚಿ ಮೇಜಿನ ಮೇಲೆಸೆದ. ಉಳಿದ ಗಿರಾಕಿಗಳೂ ಬಿಚ್ಚಿದರು; ಶೇಕ್ಷಾವಲಿ ಬಿಚ್ಚಲಿಲ್ಲ. ಊರೂರಲ್ಲೂ ಬಿಚ್ಚುತ್ತಿದ್ದರು, ಟಿವಿಯ ಮೂಲೆಯಲ್ಲಿ ಪಾಲುದಾರರ ಸಂಖ್ಯೆ ಸಾವಿರಕ್ಕೆ, ನೂರಕ್ಕೆ, ಕಡೆಗೆ ಒಂಬತ್ತಕ್ಕೆ ಇಳಿಯಿತು.

ಮುಂದಿನ ಏಟಿಗೆ ಶೇಕ್ಷಾವಲಿಯ ದವಡೆ ಕಿತ್ತುಬಂದಂತಾಗಿ ಕೈಯಲ್ಲಿದ್ದ ಲೋಟ ಬಿತ್ತು.

"ಬಿಚ್ಚಿಬಿಡ್ರೀ, ಸಾಯ್ತೀರೇನು?" ಎಂದು ಹೆಂಡತಿ ನೂರ್‌ಬಿ ಅತ್ತಳು.

"ನಾನು ಬಿಚ್ಚಿದ್ರೆ ನನ್ನ ಪಾಲೂ ಅವನಿಗೇ ಹೋಗ್ತದಲ್ಲೇ."

ಎದುರಾಳಿ ಮತ್ತೆ ಕೈಯೆತ್ತಿದ. ಶೇಕ್ಷಾವಲಿಗೆ ಹೆದರಿಕೆಯಾಯಿತು. ಪಟ್ಟಿ ಕಿತ್ತುಬಿಟ್ಟ. ಗಾದಿಲಿಂಗ ಮಕಾಡೆ ಬಿದ್ದ, ಏಳಲಿಲ್ಲ.

"ಊರಿನ ಮಾನ ಕಳೆದ" ಎಂದ ಪಂಪಣ್ಣ. "ನಾನಂತೂ ಕಡೇತನಕ ಕಟ್ಟಿಕೊಂಡೇ ಇದ್ದೆ" ಎಂದು ಇನ್ನೊಬ್ಬ ಸುಳ್ಳು ಹೇಳಿದ. ಗಿರಾಕಿಗಳು ಬೈಯುತ್ತ ಎದ್ದುಹೋದರು.

ಟಿವಿಯಲ್ಲಿ ಗಾದಿಲಿಂಗನನ್ನು ಸ್ಟ್ರೆಚರಿಗೆ ಎತ್ತುತ್ತಿದ್ದರು. ಶೇಕ್ಷಾವಲಿ ಪಟ್ಟಿಯನ್ನು ಮತ್ತೆ ಬಿಗಿದುಕೊಂಡು, ಹಲ್ಲು ಕಚ್ಚಿ ಕಾದ.

ಎಷ್ಟು ಹೊತ್ತಾದರೂ ನೋವು ಬರಲಿಲ್ಲ.