ಚಿತ್ರದ ಬೆನ್ನು

ಗಡಿಯಾರ ರಿಪೇರಿಯ ಯಜಮಾನರು ಅಂಗಡಿಯ ಗೋಡೆಯಿಂದ ಚೌಕಟ್ಟು ಇಳಿಸಿ, ಮಗುವನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟರು. ಮ್ಯೂಸಿಯಂನಿಂದ ಇಬ್ಬರು ಬಂದಿದ್ದರು: ಒಬ್ಬರು ಅಲ್ಲಿನ ಮುಖ್ಯಸ್ಥೆ, ಇನ್ನೊಬ್ಬಳು ಅಲ್ಲೇ ಹಳೆಯ ಕಾಗದ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದ ಯಜಮಾನರ ಸ್ವಂತ ಮಗಳು. ಯಜಮಾನರ ಎದೆ ಹೆಮ್ಮೆಯಿಂದ ಎರಡಿಂಚು ಉಬ್ಬಿತ್ತು.

ಯುರೋಪಿನಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರರ ನಂತರದ ತಲೆಮಾರಿನ ಕಲಾವಿದನೊಬ್ಬ ಮರದ ಹಲಗೆಯಲ್ಲಿ ಕೆತ್ತಿ, ಶಾಯಿ ಬಳಿದು, ಮೇಲಿಟ್ಟ ಕಾಗದದ ಬೆನ್ನನ್ನು ಉಜ್ಜಿ ಕೈಯಾರೆ ಒತ್ತಿದ ಚಿತ್ರವದು. ಏಳೆಂಟು ಪ್ರತಿ ತೆಗೆಯುವಷ್ಟರಲ್ಲಿ ಹಲಗೆ ಬಿರುಕು ಬಿಟ್ಟಿತಂತೆ. ಆಮೇಲಿನ ಪ್ರತಿಗಳಲ್ಲೆಲ್ಲ ಕಪ್ಪು ಆಕಾಶದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಯಜಮಾನರ ಪ್ರತಿಯಲ್ಲಿ ಆ ಗೆರೆ ಇರಲಿಲ್ಲ. ಮೂವತ್ತು ವರ್ಷದಿಂದ ಗಡಿಯಾರ ತಂದವರನ್ನೆಲ್ಲ ನಿಲ್ಲಿಸಿ, ಭೂತಗನ್ನಡಿ ಕೊಟ್ಟು, "ಗೆರೆ ಹುಡುಕಿ ನೋಡೋಣ" ಎಂದು ಸವಾಲು ಹಾಕುತ್ತಿದ್ದರು. ಇವತ್ತು ಮುಖ್ಯಸ್ಥೆಯೂ ಹುಡುಕಿ ಸೋತು, ತಾವು ಏರ್ಪಡಿಸುತ್ತಿರುವ, ಬಿರುಕಿಗೆ ಮುಂಚಿನ ಮೊದಲ ಪ್ರತಿಗಳ ಪ್ರದರ್ಶನದಲ್ಲಿ ನಟ್ಟನಡುವಿನ ಜಾಗ ಇದಕ್ಕೇ ಎಂದುಬಿಟ್ಟರು.

ಮಗಳು ಮಾತ್ರ ಚೌಕಟ್ಟು ಬಿಚ್ಚಬೇಕು ಎಂದಳು. ಯಜಮಾನರಿಗೆ ಇರುಸುಮುರುಸಾಯಿತು. ಕಾಗದಕ್ಕೆ ಏನಾದರೂ ಆದೀತೆಂದು ಕೊಂಡ ದಿನದಿಂದ ಅವರು ಅದನ್ನು ಬಿಚ್ಚಿದವರೇ ಅಲ್ಲ. ಆದರೂ ಅವಳ ಮೇಲಧಿಕಾರಿಯ ಎದುರು ಬೇಡವೆನ್ನಲು ಮನಸ್ಸಾಗದೆ ತಾವೇ ಮೊಳೆ ಕಿತ್ತರು.

ಅವಳು ಕಾಗದವನ್ನು ಬೋರಲು ಹಾಕಿ, ದೀಪವನ್ನು ಪಕ್ಕದಿಂದ ಹಿಡಿದಳು. ಬೆಳಕನ್ನು ಅಂಚಿನಿಂದ ಅಂಚಿಗೆ ನಿಧಾನವಾಗಿ ಹಾಯಿಸಿದಳು.

"ಅಪ್ಪ, ಇದು ಮೊದಲಿನ ಪ್ರತಿ ಅಲ್ಲ."

ಕಾಗದದ ಬೆನ್ನಲ್ಲಿ, ಒತ್ತಿ ಉಜ್ಜಿದ ಹೊಳಪಿನ ನಡುವೆ, ಹಲಗೆಯ ಬಿರುಕಿದ್ದಲ್ಲಿ ಒತ್ತು ಬೀಳದ ಸಣ್ಣ ಗೆರೆಯೊಂದು ಮಂಕಾಗಿ ಹಾದುಹೋಗಿತ್ತು. ಯಾರೋ ಪುಣ್ಯಾತ್ಮ ಮುಂದಿನಿಂದ ಶಾಯಿ ತುಂಬಿ ಬಿಳಿ ಗೆರೆಯನ್ನು ಮುಚ್ಚಿದ್ದ.

ಯಜಮಾನರು ಸ್ಟೂಲಿನ ಮೇಲೆ ಕುಸಿದರು. ಮೂವತ್ತು ವರ್ಷದ ಬಡಾಯಿ ಒಂದೇ ಗಳಿಗೆಯಲ್ಲಿ ಮಣ್ಣುಪಾಲಾಗಿತ್ತು. ಮುಖ್ಯಸ್ಥೆ ಮುಜುಗರದಿಂದ, ನನಗೇ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು ಎಂದು ಹುಡುಗಿಯನ್ನು ಕೇಳಿದರು.

"ಅಪ್ಪನೇ ಕಲಿಸಿದ್ದು," ಎಂದಳು ಮಗಳು, ತಲೆ ಎತ್ತದೆ. "ಮುಖ ನೋಡಿ ಗಡಿಯಾರ ಒಳ್ಳೇದು ಅನ್ಬೇಡ, ಬೆನ್ನು ಬಿಚ್ಚಿ ನೋಡು ಅಂತಿದ್ರು."

ಯಜಮಾನರು ಅವಳನ್ನೇ ನೋಡಿದರು. ಎದೆ ಮತ್ತೆ ಉಬ್ಬತೊಡಗಿತು, ಈ ಸಲ ಅಂಗಿಯ ಗುಂಡಿ ಕಿತ್ತುಬರುವಷ್ಟು.

ಚಿತ್ರ ಮ್ಯೂಸಿಯಂಗೆ ಹೋಗಲಿಲ್ಲ. ಈಗಲೂ ಅಂಗಡಿಯ ಅದೇ ಗೋಡೆಯಲ್ಲಿದೆ, ಬೆನ್ನು ಹೊರಗೆ ಮಾಡಿಕೊಂಡು. ಗಡಿಯಾರ ತಂದವರಿಗೆ ಯಜಮಾನರು ಭೂತಗನ್ನಡಿ ಕೊಟ್ಟು ಹೇಳುತ್ತಾರೆ: "ಗೆರೆ ಹುಡುಕಿ ನೋಡೋಣ. ನನಗೆ ಮೂವತ್ತು ವರ್ಷ ಕಾಣಲಿಲ್ಲ, ನನ್ನ ಮಗಳಿಗೆ ಕಾಣಿಸ್ತು."