ತಣ್ಣಗಾದ ದಿಬ್ಬ

ಶ್ರೀಜಾ ದಿಬ್ಬದೊಳಗೆ ಥರ್ಮಾಮೀಟರ್ ಇಳಿಸಿದಳು. ಮೂವತ್ತೊಂದು ಡಿಗ್ರಿ. ಮೊನ್ನೆ ಮೂವತ್ತನಾಲ್ಕಿತ್ತು, ನಿನ್ನೆ ಮೂವತ್ತೆರಡು. ಗಂಡು ಮೆಗಪೋಡ್ ತನ್ನ ದಪ್ಪ ಕಾಲುಗಳಿಂದ ಎಲೆ ಕೆದರಿ ಕೆದರಿ ಸುಸ್ತಾಗಿ ನಿಂತಿತ್ತು. ಕೋಳಿಯಂತೆ ಕಾವು ಕೂರುವ ಹಕ್ಕಿಯಲ್ಲ ಅದು. ಎದೆಯೆತ್ತರಕ್ಕೆ ಎಲೆ, ಮಣ್ಣು ಗುಡ್ಡೆ ಹಾಕಿ, ಎಲೆ ಕೊಳೆಯುವ ಬಿಸಿಯಲ್ಲೇ ಮರಿ ಮಾಡಿಸುತ್ತದೆ. ಒಳಗೆ ಎರಡು ಮೊಟ್ಟೆಗಳಿದ್ದವು.

ಹೂಸ್ಟನ್ ಹೊರಗಿನ ಆ ಖಾಸಗಿ ಪಕ್ಷಿಧಾಮದ ಮ್ಯಾನೇಜರ್ ನೇರವಾಗಿಯೇ ಹೇಳಿದ್ದ: ಈ ಪಂಜರದ ಕೀ ಇರುವುದು ನಿನ್ನೊಬ್ಬಳ ಹತ್ತಿರ, ಮೊಟ್ಟೆ ಹಾಳಾದರೆ ಬೇರೆ ಕೆಲಸ ನೋಡಿಕೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಯಾರೋ ತನ್ನ ಬ್ಯಾಗಿನಿಂದ ಕೀ ತೆಗೆದು ಒಳಗೆ ಹೋಗುತ್ತಿದ್ದಾರೆಂದು ಅವಳಿಗೆ ಕಸ ಗುಡಿಸುವವನ ಮೇಲೂ ಗುಮಾನಿ, ಮ್ಯಾನೇಜರ್ ಮೇಲೂ ಗುಮಾನಿ. ಇವತ್ತಂತೂ ದಿಬ್ಬ ಹುಳಿ ವಾಸನೆ ಹೊಡೆಯುತ್ತಿತ್ತು, ಇರುವೆ ಬೇರೆ ಮುತ್ತಿದ್ದವು.

ಬ್ಯಾಗನ್ನು ಬೇಕೆಂದೇ ಬೆಂಚಿನ ಮೇಲೆ ಬಿಟ್ಟು, ಗಿಳಿಗಳಿಗೆ ಕಾಳು ಹಾಕಿ ಬರುವೆನೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಶೆಡ್ಡಿನ ಹಿಂದೆ ಅಡಗಿ ನಿಂತಳು.

ಹತ್ತೇ ನಿಮಿಷದಲ್ಲಿ ಬೀಗ ತೆರೆಯಿತು. ಒಳಗೆ ಬಂದವರು ಅವಳ ಅತ್ತೆ ಗೋದಾವರಿ! ಧಾರವಾಡದಿಂದ ಬಂದು ಮೂರು ತಿಂಗಳು. ಒಬ್ಬರೇ ಮನೆಯಲ್ಲಿರಲು ಬೇಸರವೆಂದು ದಿನವೂ ಕಾರಿನಲ್ಲಿ ಜೊತೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಮನೆಯ ಫ್ರಿಜ್ಜಿನ ಹಾಲಿನ ಕ್ಯಾನು.

"ಅತ್ತೆ, ನೀವಾ?"

"ಶ್ರಾವಣ ಅಲ್ಲೇನವಾ? ಹುತ್ತಕ್ಕ ಹಾಲು ಎರೀಲಿಕ್ಕೆ ಬಂದೆ. ಈ ದೇಶದಾಗ ಹುತ್ತ ಸಿಕ್ಕಿದ್ದ ಪುಣ್ಯ."

"ಇದು ಹುತ್ತ ಅಲ್ಲ, ಹಕ್ಕಿ ಕಟ್ಟಿದ್ದು! ಒಳಗೆ ಮೊಟ್ಟೆ ಇದೆ. ಐಸ್ ಥರ ಹಾಲು ಸುರಿದ್ರೆ ಮರಿ ಸತ್ತೋಗುತ್ತೆ." ಶ್ರೀಜಾಳಿಗೆ ಸಿಟ್ಟು ನೆತ್ತಿಗೇರಿತು. "ನಾನು ಕೆಲಸಕ್ಕೆ ಹೋಗೋದು ನಿಮಗೆ ಇಷ್ಟ ಇಲ್ಲ, ಗೊತ್ತು. ಇದು ಹಾಳಾದ್ರೆ ಮನೇಲಿ ಬಿದ್ದಿರ್ತಾಳೆ ಅಂತ ತಾನೇ?"

ಗೋದಾವರಿಯ ಮುಖ ಬಾಡಿತು.

"ಹಂಗ್ಯಾಕ ಮಾಡಲೆವ್ವಾ? ದಿನಕ್ಕೊಬ್ಬರ ಹೆಸರಿಲೆ ಹಾಲಿನ ಪಾಲು ಎರದೀನಿ. ಮೊನ್ನೆ ನನ್ನ ಮಗ ಅರವಿಂದಂದು. ನಿನ್ನೆ ನಿಂದು."

"ಇವತ್ತು ಯಾರದ್ದು?"

ಜನವರಿಯಲ್ಲಿ ಶ್ರೀಜಾಳ ನಾಲ್ಕು ತಿಂಗಳ ಗರ್ಭ ಇಳಿದುಹೋಗಿತ್ತು. ಆ ಮಾತನ್ನು ಮನೆಯಲ್ಲಿ ಈವರೆಗೂ ಯಾರೂ ಎತ್ತಿರಲಿಲ್ಲ.

"ಇನ್ನ ಮುಂದ ಬರೋ ಕೂಸಿಂದು," ಎಂದರು ಗೋದಾವರಿ, ತುಂಬಿದ ಕ್ಯಾನನ್ನು ಎದೆಗವಚಿಕೊಂಡು. "ಬ್ಯಾಡಂದ್ರ ಎರಿಯೂದಿಲ್ಲ. ನೀನ ಹೇಳವಾ."

ಬೇಡ ಎನ್ನಲು ಶ್ರೀಜಾಳಿಗೆ ಬಾಯಿ ಬರಲಿಲ್ಲ.