ನೀಲಿಯ ನುಣುಪು ಕೆನ್ನೆ

ಕೆಂಪಿ ಯಾರೆಂದು ತಿಳಿಯುವ ಮೊದಲೇ ನೀಲಿ ಬಂದಳು.

ಕೆಂಪಿಯ ಹೆಸರು ಮೊದಲು ಕೇಳಿಸಿದ್ದು ಗಂಡನ ಮಧ್ಯಾಹ್ನದ ನಿದ್ದೆಯಲ್ಲಿ. "ಅಯ್ಯೋ ಕೆಂಪಿ, ಇಷ್ಟು ಬೇಗ ಹೋದ್ಯಲ್ಲೇ" ಎಂದು ಗೊಣಗಿ ಮಗ್ಗುಲು ಬದಲಿಸಿದ. ಪಕ್ಕದಲ್ಲಿ ಹೆಂಡತಿ ಹರಿದ ದಿಂಬಿಗೆ ಹೊಲಿಗೆ ಹಾಕುತ್ತಿದ್ದಳು. ಸೂಜಿ ಬೆರಳಿಗೇ ಚುಚ್ಚಿತು. ವಾರ ಕಳೆಯಲಿಲ್ಲ, ಅದೇ ಮಂಚ, ಅದೇ ನಿದ್ದೆ, ಹೆಸರು ಮಾತ್ರ ನೀಲಿ.

ಒಬ್ಬಳಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಇಬ್ಬರೆಂದಾಗ ಅಳುವಿಗಿಂತ ಮೊದಲು ಆಶ್ಚರ್ಯವೇ ಬಂತು. ಮೊನ್ನೆ ಮೊನ್ನೆಯವರೆಗೆ ಎದ್ದು ನೀರು ಕುಡಿಯಲೂ ಮನಸ್ಸಿಲ್ಲದಿದ್ದ ಮನುಷ್ಯ ಇವನು!

ಹೋದ ವರ್ಷ ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಕಾಲು ನಡೆಯಿತು, ಬಲಗೈ ಮಾತ್ರ ಗಾಳಿಗೆ ಸಿಕ್ಕ ಎಲೆಯಾಯಿತು. ಕ್ಷೌರದ ಕಸುಬಿನವನಿಗೆ ಕೈಯೇ ಹೋದರೆ ಉಳಿಯುವುದೇನು? ಆದರೂ ಛಲ ಬಿಡದೆ ಒಂದು ದಿನ ಅವಳ ಅಣ್ಣನನ್ನೇ ಕುರ್ಚಿಯಲ್ಲಿ ಕೂರಿಸಿ ಗಡ್ಡಕ್ಕೆ ಕತ್ತಿ ಇಟ್ಟ. ಅಣ್ಣ ಗಲ್ಲಕ್ಕೆ ಪಟ್ಟಿ ಹಾಕಿಸಿಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸಿಕೊಂಡು ಬೀದಿಯುದ್ದಕ್ಕೂ ಬಂದ. ಅವತ್ತೇ ಗಂಡ ಅಂಗಡಿಯ ಶಟರು ಎಳೆದು, ಬೀಗದ ಕೈಯನ್ನು ಅಡಿಗೆಮನೆಯ ಮೊಳೆಗೆ ತಗುಲಿಹಾಕಿದ.

"ಇನ್ನು ಮನುಷ್ಯರ ಮುಖಕ್ಕೆ ಕೈ ಹಾಕಿದ್ರೆ ಕೇಳು" ಎಂದವನು ಗೋಡೆಯ ಕಡೆ ತಿರುಗಿ ಮಲಗಿದ. ಮಲಗಿದವನು ಮಲಗಿಯೇಬಿಟ್ಟ.

ಅವನ ಅಂಗಿಯ ಗುಂಡಿ ಹಾಕುವುದೂ ಅವಳ ಪಾಲಿಗೆ ಬಂತು. ಒಂದೊಂದೇ ಗುಂಡಿ ಹಾಕುವಾಗ ಅವನು ಮಗುವಿನ ಹಾಗೆ ಮೇಲೆ ನೋಡುತ್ತ ನಿಲ್ಲುತ್ತಿದ್ದ. ದಿನದಲ್ಲಿ ಇಬ್ಬರೂ ಎದುರುಬದುರಾಗುತ್ತಿದ್ದದ್ದು ಆ ಗಳಿಗೆಯಲ್ಲಿ ಮಾತ್ರ.

ಈಗ ಅದಕ್ಕೂ ಕಲ್ಲು ಬಿತ್ತು. ಅವಳು ಒಲೆಯ ಮುಂದಿನಿಂದ ಬರುವಷ್ಟರಲ್ಲಿ ಅವನೇ ಗುಂಡಿ ಹಾಕಿಕೊಂಡು, ತಲೆ ಬಾಚಿ, ಸಿಳ್ಳೆ ಹೊಡೆಯುತ್ತಿರುತ್ತಾನೆ. ಮೊದಮೊದಲು ಗುಂಡಿ ಮೇಲುಕೆಳಗಾಗುತ್ತಿತ್ತು. ಈಗೀಗ ಎಲ್ಲ ನೆಟ್ಟಗೆ.

"ಎಲ್ಲಿಗ್ರೀ?"

"ಸ್ವಲ್ಪ ಗಾಳಿ ಬೇಕು ಕಣೇ."

ಗಾಳಿಗೆ ಹೋದವನು ತಿರುಗಿ ಬಂದರೆ ಸೋಪಿನ ಘಮಘಮ. ಜೇಬು ತಡಕಿದರೆ ಗಂಟು ಬಿದ್ದ ದಾರದ ತುಂಡು. ಯಾವಳ ಜಡೆಯದೋ!

ಪಕ್ಕದ ಮನೆಯ ಇಸ್ತ್ರಿಯವಳಿಗೆ ಬೀದಿಯಲ್ಲಿ ರೇಡಿಯೋ ಎಂದೇ ಹೆಸರು. ಯಾರೂ ಕಿವಿ ಹಿಂಡಬೇಕಿಲ್ಲ, ತಾನಾಗಿಯೇ ನುಡಿಯುತ್ತಾಳೆ. ನಿದ್ದೆಯ ಆ ಎರಡು ಹೆಸರನ್ನು ಹೆಂಡತಿ ಅವಳೊಬ್ಬಳ ಹತ್ತಿರ ಹೇಳಿಕೊಂಡಿದ್ದಳು.

"ಅಕ್ಕಾ, ಹೇಳಬಾರದು ಅಂತಿದ್ದೆ. ನಿಮ್ಮವರು ನೆನ್ನೆ ಆಟದ ಸಾಮಾನಿನ ಅಂಗಡೀಲಿ ನಿಂತಿದ್ರು."

"ನಮಗೆ ಮಕ್ಕಳಿಲ್ವಲ್ಲೇ."

"ನಿಮಗಿಲ್ಲ ಅಕ್ಕಾ" ಎಂದು ಹೇಳಿ ರೇಡಿಯೋ ನಿಂತಿತು.

ಹೆಂಡತಿ ನೆಟ್ಟಗೆ ಅಡಿಗೆಮನೆಗೆ ಹೋದಳು. ಮೊಳೆ ಬೋಳಾಗಿತ್ತು. ಮುಚ್ಚಿದ ಅಂಗಡಿ, ಕಳೆದ ಬೀಗದ ಕೈ, ನಗುವ ಗಂಡ. ಇನ್ನೇನು ಬೇಕು?

"ಬಿಟ್ಟು ಹೋಗ್ತೀನಿ" ಎನ್ನುತ್ತ ಹೊರಗೆ ಬಂದಳು. "ಹೋಗೋ ಮುಂಚೆ ಆ ಮುಖ ಒಂದ್ಸಲ ನೋಡ್ಬೇಕು."

"ಯಾರದ್ದಕ್ಕಾ? ಕೆಂಪಿದೋ, ನೀಲಿದೋ?"

"ಇವತ್ತು ಯಾರ ಪಾಳಿಯೋ ಅವಳದ್ದು!"

ಅವಳು ಛತ್ರಿ ಹಿಡಿದು ಹೊರಟಳು. ಬಿಸಿ ಇಸ್ತ್ರಿಪೆಟ್ಟಿಗೆ ಕೆಳಗಿಡುವುದನ್ನೂ ಮರೆತು ರೇಡಿಯೋ ಅವಳ ಹಿಂದೆಯೇ ಓಡಿದಳು.

ಅಂಗಡಿಯ ಶಟರು ಮೊಣಕಾಲಿನವರೆಗೆ ಇಳಿದಿತ್ತು. ಒಳಗಿನಿಂದ ಗಂಡನ ದನಿ. ಮದುವೆಯಾದ ಹೊಸದರಲ್ಲಿ ಕೇಳಿದ್ದ ದನಿ ಅದು.

"ಹೆದರಬೇಡ ನೀಲಿ. ಅಲ್ಲಾಡದೆ ಕೂತ್ಕೋ. ನನ್ನ ಅವಸರಕ್ಕೆ ಕೆಂಪಿ ಈ ಕೈಯಲ್ಲೇ ಹೋದ್ಲು."

"ಕೊಲೆ!" ಎಂದು ರೇಡಿಯೋ ಪಿಸುಗುಟ್ಟಿದಳು. ಅವಳ ಜನ್ಮದಲ್ಲೇ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು.

"ಆಹಾ, ಕೆನ್ನೆ ಅಂದ್ರೆ ಇದು. ನಮ್ಮ ಮನೆಯವಳಿಗೂ ಇಲ್ಲ ಇಂಥ ನುಣುಪು."

ಹೆಂಡತಿಯ ಕೈ ತನ್ನ ಕೆನ್ನೆಯ ಮೇಲೆ ಹೋಯಿತು. ಅಲ್ಲಿಂದ ಛತ್ರಿಯ ಹಿಡಿಗೆ ಬಂತು.

"ಇದೊಂದು ಸಲ ನೀನು ಉಳ್ಕೊಂಡುಬಿಡು ತಾಯೀ. ನಾಳೇನೇ ಮನೆಯವಳಿಗೆ ಎಲ್ಲಾ ಹೇಳ್ಬಿಡ್ತೀನಿ. ಪಾಪ, ಅವಳಿಗೂ ನನ್ನಿಂದ ಬಿಡುಗಡೆ."

ಅಷ್ಟು ಸಾಕಾಯಿತು. ಶಟರು ಗಡಗಡನೆ ಮೇಲೆ ಹೋಯಿತು. "ನಾಳೆವರೆಗೂ ಯಾಕ್ರೀ? ಈಗಲೇ ಹೇಳಿ!"

ಗಂಡನ ಬೆನ್ನು ಇತ್ತ, ಕುರ್ಚಿ ಅವನ ಮರೆಯಲ್ಲಿ. ಅವನು ತಿರುಗಲಿಲ್ಲ. ಎತ್ತಿದ ಬಲಗೈಯಲ್ಲಿ ಹಳೆಯ ಕತ್ತಿ. ಇಷ್ಟು ಗದ್ದಲಕ್ಕೂ ಆ ಕೈ ಕೂದಲೆಳೆಯಷ್ಟೂ ಕದಲಲಿಲ್ಲ. ಸಿಟ್ಟಿನಲ್ಲಿ ಅವಳಿಗೆ ಅದು ಕಂಡರೂ ಕಾಣಲಿಲ್ಲ.

"ಬಂದ್ಯಾ? ಒಳ್ಳೇದೇ ಆಯ್ತು. ಹೋಗಿ ನಿಮ್ಮಣ್ಣನ್ನ ಕರ್ಕೊಂಡು ಬಾ."

"ಕರೆಸೇ ಕರೆಸ್ತೀನಿ! ಅವನ ಮುಂದೇನೇ ನ್ಯಾಯ ಆಗಲಿ!"

"ಗಡ್ಡ ಬಿಟ್ಕೊಂಡೇ ಬರಲಿ ಅನ್ನು. ಮೆಲ್ಲಗೆ ಕಣೇ, ನೀಲಿ ಬೆದರ್ತಾಳೆ" ಎಂದು ಗಂಡ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

ಕೊರಳಿಗೆ ಟವೆಲು ಸುತ್ತಿಕೊಂಡು, ಒಂದು ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು, ಕತ್ತಿ ಆಡಿದ ಇನ್ನೊಂದು ಕೆನ್ನೆ ಫಳಫಳ ಹೊಳೆಯುತ್ತ, ಒಡೆಯದೆ ಉಳಿದ ಮೊದಲನೆಯ ಬಲೂನು ಗಿರಾಕಿಯ ಗತ್ತಿನಲ್ಲಿ ಕುಳಿತಿತ್ತು, ನೀಲಿ ಬಣ್ಣದ್ದು.